ಬಳ್ಳಾರಿಯ ರಫ್ತು ಲೆಕ್ಕ ಎಲ್ಲಿ ತಪ್ಪುತ್ತದೆ?

ಸಂಪಾದಕರಿಗೆ,

ಮಾನ್ಯರೇ,

ಪ್ರತಿ ತಿಂಗಳು 15ನೇ ತಾರೀಖಿನ ಆಸುಪಾಸಿನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಹಿಂದಿನ ತಿಂಗಳ ರಫ್ತು, ಆಮದಿನ ಅಂಕಿಅಂಶ ಬಿಡುಗಡೆ ಮಾಡುತ್ತದೆ. ಮರುದಿನ ಪತ್ರಿಕೆಗಳಲ್ಲಿ 'ಜವಳಿ ರಫ್ತು ಚೇತರಿಕೆ', 'ಲೋಹ ರಫ್ತು ಕುಸಿತ' ಎಂಬ ತಲೆಬರಹಗಳು ಬರುತ್ತವೆ. ಅಲ್ಲಿಗೇ ಮುಗಿದರೆ ತೊಂದರೆಯಿಲ್ಲ. ಆದರೆ ಅದೇ ಅಂಕಿ ಹಿಡಿದು ನಮ್ಮ ಭಾಗದಲ್ಲಿ ಮನವಿಪತ್ರಗಳು ತಯಾರಾಗುತ್ತವೆ, ಬಳ್ಳಾರಿ ಜೀನ್ಸ್ ಉದ್ಯಮ ಎದ್ದಿತು ಅಥವಾ ಬಿದ್ದಿತು ಎಂದು ಸಭೆಗಳಲ್ಲಿ ತೀರ್ಮಾನವಾಗುತ್ತದೆ, ಸಂಡೂರಿನ ಅದಿರು, ರಾಯಚೂರಿನ ಹತ್ತಿ, ಕೊಪ್ಪಳದ ಕಬ್ಬಿಣ ಎಲ್ಲವೂ ಅದೇ ಎರಡು ಸಾಲಿನಲ್ಲಿ ಇವೆ ಎಂದು ನಂಬಿಕೊಳ್ಳಲಾಗುತ್ತದೆ. ನಿಜವಾಗಿ ಆ ಸಾಲುಗಳಲ್ಲಿ ನಮ್ಮ ಸರಕು ಇರುವುದು ಕಡಿಮೆ. ಇರುವಷ್ಟರಲ್ಲೂ ಒಂದು ಪಾಲು ಬೇರೆ ಜಿಲ್ಲೆಯ ಹೆಸರಿಗೆ ಜಮೆಯಾಗುತ್ತಿದೆ.

ಈ ಅಂಕಿ ಹುಟ್ಟುವುದು ಯಾರೋ ಮಾಡಿದ ಸಮೀಕ್ಷೆಯಿಂದಲ್ಲ. ರಫ್ತಾದರೆ ಶಿಪ್ಪಿಂಗ್ ಬಿಲ್, ಆಮದಾದರೆ ಬಿಲ್ ಆಫ್ ಎಂಟ್ರಿ. ಇವೆರಡೂ ಕಸ್ಟಮ್ಸ್‌ನ ಗಣಕ ವ್ಯವಸ್ಥೆಯಲ್ಲಿ ದಾಖಲಾಗಿ ಕೋಲ್ಕತ್ತದಲ್ಲಿರುವ ವಾಣಿಜ್ಯ ಗುಪ್ತವಾರ್ತೆ ಮತ್ತು ಅಂಕಿಅಂಶ ಮಹಾನಿರ್ದೇಶನಾಲಯಕ್ಕೆ ಹೋಗುತ್ತವೆ. ಅಲ್ಲಿ ಸೇರಿಸಿ, ವಿಂಗಡಿಸಿ ಪ್ರಕಟಿಸುತ್ತಾರೆ. ಅಂದರೆ ಬಿಲ್ಲಿನಲ್ಲಿ ರಫ್ತುದಾರನ ಅಥವಾ ಆಮದುದಾರನ ಕಸ್ಟಮ್ಸ್ ಏಜೆಂಟ್ ಏನು ಟೈಪ್ ಮಾಡಿದನೋ ಅದೇ ದೇಶದ ಲೆಕ್ಕ. ಎಚ್‌ಎಸ್ ಕೋಡ್ (ಪ್ರತಿ ಸರಕಿಗೂ ಇರುವ ವರ್ಗೀಕರಣ ಸಂಖ್ಯೆ), ಪ್ರಮಾಣದ ಘಟಕ, ಮೌಲ್ಯ, ಸರಕು ತಯಾರಾದ ಜಿಲ್ಲೆ, ಈ ನಾಲ್ಕು ಕಾಲಂಗಳಲ್ಲಿ ಯಾವುದು ತಪ್ಪಿದರೂ ಆ ತಪ್ಪು ಕೋಲ್ಕತ್ತದವರೆಗೂ ಹೋಗುತ್ತದೆ.

ಮೊದಲು ಗುಂಪುಗಳನ್ನು ನೋಡೋಣ. ತಿಂಗಳ ಮಧ್ಯದ ಪ್ರಕಟಣೆಯಲ್ಲಿ 'ಜವಳಿ' ಎಂಬ ಒಂದೇ ಸಾಲು ಇರುವುದಿಲ್ಲ. ಸಿದ್ಧ ಉಡುಪು ಒಂದು ಸಾಲು, ಹತ್ತಿ ನೂಲು, ಬಟ್ಟೆ ಮತ್ತು ಕೈಮಗ್ಗ ಇನ್ನೊಂದು, ಕೃತಕ ನೂಲು ಮತ್ತು ಬಟ್ಟೆ ಮತ್ತೊಂದು, ಸೆಣಬು, ಜಮಖಾನೆ ಬೇರೆ ಬೇರೆ. ಸುದ್ದಿಮನೆಯಲ್ಲಿ ಇವನ್ನು ಕೂಡಿಸಿ 'ಜವಳಿ' ಮಾಡುತ್ತಾರೆ, ಕೆಲವರು ಉಡುಪು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ಹಾಗಾಗಿ ಒಂದೇ ದಿನ ಎರಡು ಪತ್ರಿಕೆಗಳಲ್ಲಿ ಎರಡು ಮೊತ್ತ. ಲೋಹದ ಕಥೆಯೂ ಇದೇ. ಉಕ್ಕು, ತಾಮ್ರ, ಅಲ್ಯುಮಿನಿಯಂ ಎಲ್ಲವೂ ಯಂತ್ರ, ವಾಹನಗಳ ಜೊತೆಗೆ 'ಎಂಜಿನಿಯರಿಂಗ್ ಸರಕು' ಎಂಬ ದೊಡ್ಡ ಸಾಲಿನೊಳಗೆ ಹೋಗುತ್ತವೆ. ಕಬ್ಬಿಣದ ಅದಿರಿಗೆ ಪ್ರತ್ಯೇಕ ಸಾಲು. ಎಂಜಿನಿಯರಿಂಗ್ ರಫ್ತು ಏರಿತು ಎಂದರೆ ತೋರಣಗಲ್ಲಿನ ಉಕ್ಕೇ ಹೆಚ್ಚು ಹೋಯಿತು ಎಂದಲ್ಲ, ಚೆನ್ನೈ ಅಥವಾ ಪುಣೆಯ ಕಾರುಗಳು ಹೋಗಿರಬಹುದು.

ಆದ್ದರಿಂದ ಗುಂಪು ಬಿಟ್ಟು ಕೋಡ್ ಹಿಡಿಯಬೇಕು. ಎಚ್‌ಎಸ್ ಪದ್ಧತಿಯಲ್ಲಿ 50ರಿಂದ 63ನೇ ಅಧ್ಯಾಯದವರೆಗೆ ಜವಳಿ, 72ರಿಂದ 83ರವರೆಗೆ ಲೋಹಗಳು. ಮೊದಲ ಆರು ಅಂಕಿ ಪ್ರಪಂಚಕ್ಕೆಲ್ಲ ಒಂದೇ, ಮುಂದಿನ ಎರಡು ಅಂಕಿ ನಮ್ಮ ದೇಶದ್ದು. ನಮ್ಮ ಊರಿನ ಜೀನ್ಸ್ ಪ್ಯಾಂಟ್ ಒಂದನ್ನೇ ಬಿಚ್ಚಿ ನೋಡಿದರೆ ಈ ಪದ್ಧತಿಯ ಗಮ್ಮತ್ತು ತಿಳಿಯುತ್ತದೆ. ಗಂಡಸರ ಹತ್ತಿ ಪ್ಯಾಂಟ್ 620342, ಹೆಂಗಸರದ್ದು 620462. ಡೆನಿಮ್ ಬಟ್ಟೆಯಲ್ಲಿ ಹತ್ತಿ ಶೇ 85ಕ್ಕೆ ಕಡಿಮೆಯಿಲ್ಲದೆ, ಚದರ ಮೀಟರಿಗೆ 200 ಗ್ರಾಂಗಿಂತ ಹೆಚ್ಚು ತೂಕವಿದ್ದರೆ 520942. ಪಾಲಿಯೆಸ್ಟರ್ ಬೆರೆತು ಹತ್ತಿ ಶೇ 85ಕ್ಕಿಂತ ಇಳಿದರೆ 521142. ಶೇ 2ರಷ್ಟು ಸ್ಟ್ರೆಚ್ ನೂಲು ಸೇರಿದ್ದರೂ ಮೊದಲ ಕೋಡೇ. ನಮ್ಮ ವ್ಯಾಪಾರಿಗಳು ಬಟ್ಟೆಯನ್ನು ಔನ್ಸ್ ಲೆಕ್ಕದಲ್ಲಿ ಮಾತನಾಡುತ್ತಾರೆ. ಚದರ ಗಜಕ್ಕೆ ಒಂದು ಔನ್ಸ್ ಅಂದರೆ ಚದರ ಮೀಟರಿಗೆ ಸುಮಾರು 33.9 ಗ್ರಾಂ, 12 ಔನ್ಸ್ ಬಟ್ಟೆ ಸುಮಾರು 407 ಗ್ರಾಂ. ಇನ್ನು ಹೊಲಿಗೆಯ ಪಾಲಿಯೆಸ್ಟರ್ ಸ್ಪನ್ ದಾರ 5508, ನೇಯ್ದ ಲೇಬಲ್ 5807. ಇಲ್ಲಿಯವರೆಗೆ ಜವಳಿ. ಜಿಪ್ 9607, ಗುಂಡಿ 9606, ಎರಡೂ ಜವಳಿ ಅಧ್ಯಾಯದ ಹೊರಗೆ. ಜೇಬಿನ ಮೂಲೆಗೆ ಹೊಡೆಯುವ ಟೊಳ್ಳು ರಿವೆಟ್ 8308, ಅದು ಲೋಹದ ಲೆಕ್ಕ! ಹೊಲಿಗೆ ಯಂತ್ರ 8452, ವಾಷಿಂಗ್‌ಗೆ ಬಳಸುವ ಕಿಣ್ವ 3507, ಪೊಟ್ಯಾಸಿಯಂ ಪರ್ಮಾಂಗನೇಟ್ 2841. ಬಳ್ಳಾರಿಯ ಜೀನ್ಸ್ ಘಟಕಗಳು ಚೀನಾದ ಸಾಮಗ್ರಿಯನ್ನು ಎಷ್ಟು ನೆಚ್ಚಿಕೊಂಡಿವೆ ಎಂದು ಯಾರಾದರೂ 'ಜವಳಿ ಆಮದು' ಸಾಲಿನಲ್ಲಿ ಹುಡುಕಿದರೆ ಜಿಪ್ಪೂ ಸಿಗುವುದಿಲ್ಲ, ಗುಂಡಿಯೂ ಸಿಗುವುದಿಲ್ಲ.

ಇನ್ನೊಂದು ತೊಡಕು, ಆರು ಅಂಕಿಯ ಮಟ್ಟದಲ್ಲಿ ಜೀನ್ಸ್‌ಗೆ ಪ್ರತ್ಯೇಕ ಕೋಡ್ ಇಲ್ಲ. 620342ರಲ್ಲಿ ಖಾಕಿ ಪ್ಯಾಂಟ್, ಚಡ್ಡಿ, ಡಂಗ್ರಿ, ಜೀನ್ಸ್ ಎಲ್ಲ ಒಟ್ಟಿಗೆ ಇವೆ. ಐರೋಪ್ಯ ಒಕ್ಕೂಟದವರು ತಮ್ಮ ಎಂಟು ಅಂಕಿಯಲ್ಲಿ 62034231 ಎಂದು ಡೆನಿಮ್ ಪ್ಯಾಂಟನ್ನು ಬೇರ್ಪಡಿಸಿದ್ದಾರೆ. ಭಾರತದಿಂದ ಯುರೋಪಿಗೆ ಎಷ್ಟು ಜೀನ್ಸ್ ಹೋಯಿತೆಂದು ತಿಳಿಯಲು ನಮ್ಮ ಪೋರ್ಟಲ್‌ಗಿಂತ ಅವರ ಆಮದು ಅಂಕಿಯೇ ಹೆಚ್ಚು ಉಪಯುಕ್ತ. ಆದರೆ ಅವರ ಮೌಲ್ಯಕ್ಕೂ ನಮ್ಮ ಮೌಲ್ಯಕ್ಕೂ ಹೊಂದಿಕೆಯಾಗದು. ರಫ್ತನ್ನು ನಾವು ಹಡಗಿಗೆ ಏರಿಸುವವರೆಗಿನ ಬೆಲೆಯಲ್ಲಿ ಬರೆಯುತ್ತೇವೆ, ಆಮದನ್ನು ಅವರು ಸಾಗಣೆ ಮತ್ತು ವಿಮೆ ಸೇರಿಸಿ ಬರೆಯುತ್ತಾರೆ. ದುಬೈಗೆಂದು ಬಿಲ್ ಮಾಡಿ ಅಲ್ಲಿಂದ ಮುಂದೆ ಹೋದ ಸರಕು ನಮ್ಮ ಲೆಕ್ಕದಲ್ಲಿ ಯುಎಇಗೇ ಉಳಿಯುತ್ತದೆ.

ಘಟಕದ ತಪ್ಪು ಬಟ್ಟೆಯಲ್ಲಿ ಹೆಚ್ಚು. ಡೆನಿಮ್‌ಗೆ ನಿಗದಿಯಾದ ಘಟಕ ಚದರ ಮೀಟರ್. ಇನ್‌ವಾಯ್ಸ್‌ನಲ್ಲಿರುವುದು ಉದ್ದದ ಮೀಟರ್. 58 ಇಂಚು ಅಗಲದ ಬಟ್ಟೆಯಲ್ಲಿ ಒಂದು ಮೀಟರ್ ಉದ್ದ ಎಂದರೆ 1.47 ಚದರ ಮೀಟರ್. 10,000 ಮೀಟರನ್ನು ಹಾಗೆಯೇ 10,000 ಚದರ ಮೀಟರ್ ಎಂದು ಹಾಕಿದರೆ ಪ್ರಮಾಣ ಮೂರನೇ ಒಂದು ಪಾಲಿನಷ್ಟು ಕುಗ್ಗಿ, ಚದರ ಮೀಟರಿನ ಬೆಲೆ ಶೇ 47ರಷ್ಟು ಉಬ್ಬಿ ಕಾಣುತ್ತದೆ. ಅದನ್ನು ನೋಡಿದವರು 'ಬೆಲೆ ಏರಿದೆ' ಎನ್ನುತ್ತಾರೆ.

ಹತ್ತಿಯ ಲೆಕ್ಕಕ್ಕೆ ಬಂದರೆ ರಾಯಚೂರಿನ ಮಾರುಕಟ್ಟೆಯಲ್ಲಿ ಕೂಗುವುದು ಬೀಜ ಸಮೇತ ಹತ್ತಿಯ ಕ್ವಿಂಟಲ್ ದರ, ಜಿನ್ನಿಂಗ್ ಮಿಲ್‌ನವರು ಮಾತನಾಡುವುದು ಅರಳೆಯ ಖಂಡಿ ದರ, ಅಂಕಿಅಂಶ ಬರುವುದು ಬೇಲ್ ಅಥವಾ ಕಿಲೋದಲ್ಲಿ. ಕ್ವಿಂಟಲ್ ಹತ್ತಿಯಿಂದ ಅರಳೆ 33ರಿಂದ 35 ಕಿಲೋ. ಖಂಡಿ 355.6 ಕಿಲೋ. ಅಂದರೆ ಒಂದು ಖಂಡಿ ಅರಳೆಗೆ ಸುಮಾರು ಹತ್ತೂವರೆ ಕ್ವಿಂಟಲ್ ಹತ್ತಿ ಬೇಕು. ಭಾರತದ ಬೇಲ್ 170 ಕಿಲೋ, ಅಮೆರಿಕದ ಕೃಷಿ ಇಲಾಖೆ ಬಳಸುವ ಬೇಲ್ 480 ಪೌಂಡ್, ಅಂದರೆ ಸುಮಾರು 217.7 ಕಿಲೋ. ನಮ್ಮ ಒಂದು ಕೋಟಿ ಬೇಲ್ ಅವರ ಪಟ್ಟಿಯಲ್ಲಿ ಸುಮಾರು 78 ಲಕ್ಷ ಬೇಲ್ ಆಗುತ್ತದೆ. ಇದನ್ನು ಗಮನಿಸದೆ ಎರಡು ವರದಿ ಪಕ್ಕಪಕ್ಕ ಇಟ್ಟು 'ಉತ್ಪಾದನೆ ಶೇ 22ರಷ್ಟು ಕಡಿಮೆ ಅಂದಾಜು' ಎಂದು ಬರೆದರೆ ಬೆಳೆ ಇರುವಷ್ಟೇ ಇದ್ದೂ ಗಾಬರಿ ಹುಟ್ಟುತ್ತದೆ. ಅವಧಿಯೂ ಬೇರೆ. ನಮ್ಮ ಹತ್ತಿ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್, ಅಮೆರಿಕದ್ದು ಆಗಸ್ಟ್‌ನಿಂದ ಜುಲೈ, ವಿದೇಶ ವ್ಯಾಪಾರದ ಅಂಕಿ ಏಪ್ರಿಲ್‌ನಿಂದ ಮಾರ್ಚ್. ಒಂದೇ ಹಂಗಾಮಿನ ಫಸಲು ಎರಡು ಹಣಕಾಸು ವರ್ಷಗಳಲ್ಲಿ ಹಂಚಿಹೋಗಿರುತ್ತದೆ.

ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲಿ ಹತ್ತಿ ಆಮದಿಗೆ ಹಾಕಿದ್ದ ಶೇ 11ರ ಸುಂಕವನ್ನು 2025ರ ಆಗಸ್ಟ್ 19ರಿಂದ ತಾತ್ಕಾಲಿಕವಾಗಿ ತೆಗೆದು, ಸೆಪ್ಟೆಂಬರ್ ಕೊನೆಯ ಗಡುವನ್ನು ಆಮೇಲೆ ಡಿಸೆಂಬರ್ 31ಕ್ಕೆ ಮುಂದೂಡಿತು. ರಾಯಚೂರು, ಸಿಂಧನೂರು, ಮಾನ್ವಿ ಭಾಗದ ರೈತರಿಗೆ ಇದರ ಪರಿಣಾಮ ಅಳೆಯಬೇಕಾದರೆ ಏಪ್ರಿಲ್–ಮಾರ್ಚ್ ಮೊತ್ತ ಪ್ರಯೋಜನವಿಲ್ಲ. ಹೊಸ ಹತ್ತಿ ಮಾರುಕಟ್ಟೆಗೆ ಬರುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ 5201 ಕೋಡಿನ ಆಮದನ್ನು ತಿಂಗಳವಾರು, ಕಿಲೋದಲ್ಲಿ ತೆಗೆದು 170ರಿಂದ ಭಾಗಿಸಿ ಹಿಂದಿನ ವರ್ಷಗಳ ಅದೇ ತಿಂಗಳುಗಳ ಜೊತೆ ಹೋಲಿಸಬೇಕು. ಹತ್ತಿಕಾಳು 1207, ಅದರ ಎಣ್ಣೆ 1512, ಹಿಂಡಿ 2306, ಲಿಂಟರ್ (ಕಾಳಿಗೆ ಅಂಟಿಕೊಂಡ ಗಿಡ್ಡ ಎಳೆ) 1404. ಹತ್ತಿಯ ಆದಾಯದಲ್ಲಿ ಕಾಳಿನ ಪಾಲು ಸಣ್ಣದೇನಲ್ಲ, ಆದರೂ ಇವು ಯಾವುದೂ ಜವಳಿ ಲೆಕ್ಕದಲ್ಲಿ ಬರುವುದಿಲ್ಲ.

ಅದಿರಿನ ವಿಷಯ ಇನ್ನೂ ಸೂಕ್ಷ್ಮ. ಕಬ್ಬಿಣದ ಅದಿರು ಲೋಹದ ಅಧ್ಯಾಯದಲ್ಲಿಲ್ಲ, 26ನೇ ಅಧ್ಯಾಯದಲ್ಲಿದೆ. ಫೈನ್ಸ್ (ಪುಡಿ ಅದಿರು) ಮತ್ತು ಲಂಪ್ಸ್ (ಗಟ್ಟಿ ಅದಿರು) 260111, ಪೆಲೆಟ್ (ಪುಡಿಯಿಂದ ಕಟ್ಟಿದ ಉಂಡೆ) 260112. ಶೇ 58ಕ್ಕಿಂತ ಹೆಚ್ಚು ಕಬ್ಬಿಣಾಂಶವಿದ್ದರೆ ಶೇ 30 ರಫ್ತು ಸುಂಕ, ಕಡಿಮೆಯಿದ್ದರೆ ಸುಂಕವಿಲ್ಲ. ಈ ಶೇ 58 ಯಾವ ಅದಿರಿನದ್ದು, ಒಣಗಿಸಿದ್ದೋ ಹಸಿಯದ್ದೋ? ಪ್ರಯೋಗಾಲಯದ ವರದಿ ಒಣ ಲೆಕ್ಕದಲ್ಲಿರುತ್ತದೆ. ಸುಂಕಕ್ಕೆ ತೇವಾಂಶ ಸಮೇತದ ತೂಕದ ಮೇಲೆ ಲೆಕ್ಕ ಹಾಕಬೇಕೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2012ರ ಫೆಬ್ರುವರಿಯ ಸುತ್ತೋಲೆಯಲ್ಲಿ ತಿಳಿಸಿದೆ. ಒಣ ಲೆಕ್ಕದಲ್ಲಿ ಶೇ 62 ಇರುವ ಫೈನ್ಸ್‌ನಲ್ಲಿ ಶೇ 8 ತೇವಾಂಶವಿದ್ದರೆ, 62ನ್ನು 0.92ರಿಂದ ಗುಣಿಸಿ, ಶೇ 57.04. ಅದೇ ಅದಿರು ಸುಂಕದ ಗೆರೆಯ ಕೆಳಗಿಳಿಯಿತು. ಹೀಗಾಗಿ 'ಶೇ 58ಕ್ಕಿಂತ ಕಡಿಮೆ' ಎಂಬ ಸಾಲಿನಲ್ಲಿರುವುದೆಲ್ಲ ಕಳಪೆ ಅದಿರು ಎಂದು ಓದಬಾರದು. ಮಾರಾಟದ ದರ ಒಣ ಟನ್ನಿಗೆ, ಹಡಗಿಗೆ ಏರುವುದು ಹಸಿ ಟನ್ನು. 1,000 ಹಸಿ ಟನ್ನಿನಲ್ಲಿ ಒಣ ಅದಿರು 920 ಟನ್. ಬೆಲೆಯನ್ನು ಹಸಿ ತೂಕದಿಂದ ಭಾಗಿಸಿದರೆ ಟನ್ನಿನ ದರ ಶೇ 8ರಷ್ಟು ಕಡಿಮೆ ಕಾಣುತ್ತದೆ. ಮಳೆಗಾಲದಲ್ಲಿ ಇನ್ನೂ ಕಡಿಮೆ.

ನಮ್ಮ ಅದಿರಿನ ಸರಣಿಗೆ ಕಾನೂನಿನ ಗಾಯಗಳೂ ಇವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಗಣಿಗಳು ಮತ್ತೆ ತೆರೆದ ಮೇಲೂ ಅದಿರು ಇ-ಹರಾಜಿನ ಮೂಲಕ ದೇಶದೊಳಗೇ ಮಾರಾಟವಾಗಬೇಕಿತ್ತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅದಿರು ರಫ್ತಿಗೆ ನ್ಯಾಯಾಲಯ ಅನುಮತಿ ಕೊಟ್ಟದ್ದು 2022ರ ಮೇ 20ರಂದು. ಕೇಂದ್ರ ಸರ್ಕಾರ ಮೇ 22ರಿಂದಲೇ ಎಲ್ಲ ದರ್ಜೆಯ ಅದಿರಿಗೆ ಶೇ 50, ಪೆಲೆಟ್‌ಗೆ ಶೇ 45 ರಫ್ತು ಸುಂಕ ಹಾಕಿತು. ಬಾಗಿಲು ತೆರೆದ ಎರಡೇ ದಿನಕ್ಕೆ ಹೊಸ್ತಿಲು ಎತ್ತರವಾಯಿತು. ನವೆಂಬರ್ 19ಕ್ಕೆ ಹಳೆಯ ದರ ಮರಳಿತು. ಈ ತಾರೀಖುಗಳನ್ನು ಕೆಳಗೆ ನಮೂದಿಸದೆ 2010ರಿಂದ ಈಚೆಗಿನ ಅದಿರು ರಫ್ತಿನ ನಕ್ಷೆ ಮುದ್ರಿಸಿದರೆ ಓದುಗರು ಅದನ್ನು ಚೀನಾದ ಬೇಡಿಕೆಯ ಏರಿಳಿತವೆಂದೇ ತಿಳಿಯುತ್ತಾರೆ.

ಉಕ್ಕಿನಲ್ಲಿ ಎರಡು ಸರ್ಕಾರಿ ಲೆಕ್ಕಗಳು ಓಡಾಡುತ್ತವೆ. ಉಕ್ಕು ಸಚಿವಾಲಯದ ಜಂಟಿ ಸ್ಥಾವರ ಸಮಿತಿ ಕೊಡುವ 'ಸಿದ್ಧ ಉಕ್ಕು' ಅಂಕಿಯಲ್ಲಿ ಬಿಲೆಟ್, ಸ್ಲ್ಯಾಬ್, ಪಿಗ್ ಐರನ್, ಸ್ಪಾಂಜ್ ಐರನ್ ಇರುವುದಿಲ್ಲ. ವಾಣಿಜ್ಯ ಸಚಿವಾಲಯದ 72ನೇ ಅಧ್ಯಾಯದಲ್ಲಿ ಇವೆಲ್ಲ ಇವೆ, ಗುಜರಿಯೂ ಇದೆ. ತೋರಣಗಲ್ಲಿನ ಹಾಳೆ ಉಕ್ಕಿಗೆ 7208ರಿಂದ 7210, ಕೊಪ್ಪಳ ಭಾಗದ ಸ್ಪಾಂಜ್ ಐರನ್‌ಗೆ 7203, ಪಿಗ್ ಐರನ್‌ಗೆ 7201 ನೋಡಬೇಕು. ಎರಕ ಹೊಯ್ದ ಎಂಜಿನ್ ಬ್ಲಾಕ್ ಹೊರಗೆ ಹೋದರೆ ಅದು 8409, ಯಂತ್ರದ ಬಿಡಿಭಾಗ. ಕುಲುಮೆಗೆ ಬರುವ ವಿದೇಶಿ ಕೋಕಿಂಗ್ ಕಲ್ಲಿದ್ದಲು 27ನೇ ಅಧ್ಯಾಯ, ಇಂಧನದ ಲೆಕ್ಕ.

ಮೌಲ್ಯ ಮತ್ತು ಪ್ರಮಾಣದ ವ್ಯತ್ಯಾಸ ಎಲ್ಲರಿಗೂ ಗೊತ್ತಿರುವಂಥದ್ದೇ, ಆದರೂ ವರದಿಗಳಲ್ಲಿ ಮರೆತುಹೋಗುತ್ತದೆ. ಲೆಕ್ಕಕ್ಕೆಂದು ಹಿಡಿಯೋಣ: ಒಂದು ವರ್ಷ 1,000 ಟನ್, ಟನ್ನಿಗೆ 100 ಡಾಲರ್, ಡಾಲರಿಗೆ 83 ರೂಪಾಯಿ. ಮರುವರ್ಷ 1,100 ಟನ್, 85 ಡಾಲರ್, 87 ರೂಪಾಯಿ. ಪ್ರಮಾಣ ಶೇ 10 ಏರಿದೆ, ಡಾಲರ್ ಮೌಲ್ಯ ಶೇ 6.5 ಇಳಿದಿದೆ, ರೂಪಾಯಿ ಮೌಲ್ಯ ಶೇ 2 ಮಾತ್ರ ಇಳಿದಿದೆ. ಯಾವ ತಲೆಬರಹ ಬೇಕೋ ಅದಕ್ಕೊಂದು ಅಂಕಿ ಸಿದ್ಧ. ತಿಂಗಳ ಮಧ್ಯದ ಪ್ರಕಟಣೆಯಲ್ಲಿ ಸಿಗುವುದು ಮೌಲ್ಯ ಮಾತ್ರ. ಪ್ರಮಾಣ ಬೇಕಾದರೆ ವಾಣಿಜ್ಯ ಇಲಾಖೆಯ ರಫ್ತು–ಆಮದು ದತ್ತಾಂಶ ಪೋರ್ಟಲ್‌ನಲ್ಲಿ ಎಂಟು ಅಂಕಿಯ ಮಟ್ಟಕ್ಕೆ ಹೋಗಬೇಕು. ಅಲ್ಲಿ ರೂಪಾಯಿ ಕಾಲಂ ಲಕ್ಷದಲ್ಲಿದೆಯೋ ಕೋಟಿಯಲ್ಲಿದೆಯೋ ನೋಡಿಕೊಳ್ಳಬೇಕು. ಆ ಒಂದು ಪದ ನೋಡದೆ ನೂರು ಪಟ್ಟು ಹಿಗ್ಗಿಸಿದ ಮನವಿಪತ್ರಗಳು ವಿಧಾನಸೌಧ ತಲುಪಿರಲಾರವು ಎಂದು ನಂಬೋಣ.

ಮೊದಲ ಅಂಕಿ ಯಾವಾಗಲೂ ತಾತ್ಕಾಲಿಕ. 2024ರ ನವೆಂಬರ್‌ನ ಚಿನ್ನದ ಆಮದು ಮೊದಲು 14.8 ಶತಕೋಟಿ ಡಾಲರ್ ಎಂದು ಪ್ರಕಟವಾಗಿ, ಪರಿಷ್ಕರಣೆಯಲ್ಲಿ 9.84 ಶತಕೋಟಿಗೆ ಇಳಿಯಿತು. ವಿಶೇಷ ಆರ್ಥಿಕ ವಲಯಗಳ ದತ್ತಾಂಶವನ್ನು ಹೊಸ ವ್ಯವಸ್ಥೆಗೆ ವರ್ಗಾಯಿಸುವಾಗ ಎರಡೆರಡು ಬಾರಿ ಎಣಿಕೆಯಾಗಿತ್ತು. ಮೊದಲ ಅಂಕಿ ಮುಖಪುಟದಲ್ಲಿ, ತಿದ್ದುಪಡಿ ಒಳಪುಟದಲ್ಲಿ ಬಂದದ್ದು ಓದುಗರಿಗೆ ನೆನಪಿರಬಹುದು.

ಈಗ ಜಿಲ್ಲೆಯ ಕಾಲಂ. 2020ರ ಫೆಬ್ರುವರಿ 15ರಿಂದ ಶಿಪ್ಪಿಂಗ್ ಬಿಲ್ಲಿನಲ್ಲಿ ಸರಕು ತಯಾರಾದ ರಾಜ್ಯ ಮತ್ತು ಜಿಲ್ಲೆಯನ್ನು ನಮೂದಿಸುವುದು ಕಡ್ಡಾಯ. ಜಿಲ್ಲಾವಾರು ರಫ್ತು ಅಂಕಿ ಬರುವುದು ಇದರಿಂದ, ಜಿಲ್ಲೆಗಳ ರಫ್ತು ಯೋಜನೆಗಳಿಗೂ ಇದೇ ಆಧಾರ. ನಮ್ಮಲ್ಲಿ ಆಗುವುದೇನೆಂದರೆ, ಬಳ್ಳಾರಿಯ ಘಟಕ ಹೊಲಿದ ಪ್ಯಾಂಟನ್ನು ಬೆಂಗಳೂರಿನ ಅಥವಾ ತಿರುಪ್ಪೂರಿನ ವ್ಯಾಪಾರಿ ರಫ್ತುದಾರ ಕೊಂಡು ಕಳಿಸುತ್ತಾನೆ. ಅವನ ಏಜೆಂಟ್ ಹಿಂದಿನ ಬಿಲ್ಲಿನ ನಕಲು ತೆಗೆದು ಪ್ರಮಾಣ, ಮೌಲ್ಯ ಬದಲಿಸುತ್ತಾನೆ, ಜಿಲ್ಲೆ ಹಾಗೇ ಉಳಿಯುತ್ತದೆ. ಅದು ರಫ್ತುದಾರನ ಕಚೇರಿಯ ಜಿಲ್ಲೆ. ಕಸ್ಟಮ್ಸ್‌ಗೆ ಇದರಿಂದ ಸುಂಕದ ವ್ಯತ್ಯಾಸವಿಲ್ಲ, ಆದ್ದರಿಂದ ಯಾರೂ ಪ್ರಶ್ನಿಸುವುದಿಲ್ಲ. ರಾಯಚೂರಿನ ಅರಳೆಗೂ ಇದೇ ಗತಿ.

ಇದನ್ನು ಹಿಡಿಯಲು ದಾರಿ ಬಿಲ್ಲಿನೊಳಗೇ ಇದೆ. ವ್ಯಾಪಾರಿ ರಫ್ತುದಾರರು ಶೇ 0.1ರ ರಿಯಾಯಿತಿ ಜಿಎಸ್‌ಟಿ ದರದಲ್ಲಿ ಸರಕು ಕೊಂಡರೆ, 2017ರ ಅಕ್ಟೋಬರ್ 23ರ ಅಧಿಸೂಚನೆಯಂತೆ 90 ದಿನದೊಳಗೆ ರಫ್ತು ಮಾಡಬೇಕು ಮತ್ತು ಮಾರಿದವರ ಜಿಎಸ್‌ಟಿ ಸಂಖ್ಯೆ, ಇನ್‌ವಾಯ್ಸ್ ಸಂಖ್ಯೆಯನ್ನು ಶಿಪ್ಪಿಂಗ್ ಬಿಲ್ಲಿನಲ್ಲಿ ತೋರಿಸಬೇಕು. ಆ ಸಂಖ್ಯೆಯ ನೋಂದಣಿ ವಿಳಾಸ ಬಳ್ಳಾರಿಯದ್ದು, ಜಿಲ್ಲೆ ಬೆಂಗಳೂರು ನಗರ ಎಂದಿದ್ದರೆ ಅಲ್ಲಿಯೇ ತಪ್ಪು ಎದ್ದು ಕಾಣುತ್ತದೆ. ಆದ್ದರಿಂದ ಇಲ್ಲಿನ ಘಟಕದವರು ಇನ್‌ವಾಯ್ಸ್‌ನಲ್ಲೇ 'ತಯಾರಾದ ಜಿಲ್ಲೆ: ಬಳ್ಳಾರಿ' ಎಂದು ಒಂದು ಸಾಲು ಮುದ್ರಿಸಲಿ, ಇ-ವೇ ಬಿಲ್ಲಿನ ರವಾನೆ ವಿಳಾಸದಲ್ಲಿ ಗೋದಾಮಿನ ಬದಲು ಘಟಕದ ವಿಳಾಸವೇ ಇರಲಿ, ರಫ್ತಾದ ಮೇಲೆ ಶಿಪ್ಪಿಂಗ್ ಬಿಲ್ಲಿನ ಪ್ರತಿ ಕೇಳಿ ಜಿಲ್ಲೆಯ ಕಾಲಂ ನೋಡಿಕೊಳ್ಳಲಿ. ತಪ್ಪಿದ್ದರೆ ಕಸ್ಟಮ್ಸ್ ಕಾಯ್ದೆಯ 149ನೇ ಕಲಂ ಪ್ರಕಾರ ತಿದ್ದುಪಡಿ ಕೇಳಲು ರಫ್ತುದಾರನಿಗೆ ಅವಕಾಶವಿದೆ. ರಫ್ತಿನ ಹೊತ್ತಿಗೇ ಇದ್ದ ದಾಖಲೆ ಬೇಕು, ಇನ್‌ವಾಯ್ಸ್‌ನ ಆ ಸಾಲು ಆಗ ಕೆಲಸಕ್ಕೆ ಬರುತ್ತದೆ. ಹಲವು ಊರಿನ ಸರಕು ಒಂದೇ ಬಿಲ್ಲಿನಲ್ಲಿದ್ದರೆ ಪ್ರತಿ ಸಾಲಿಗೂ ಅದರದೇ ಜಿಲ್ಲೆ ಹಾಕಬೇಕು.

ಹೋಲಿಕೆ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಹೊಸಪೇಟೆ ಅತ್ತ ಹೋಯಿತು, ಸಂಡೂರು ಮತ್ತು ತೋರಣಗಲ್ಲು ಬಳ್ಳಾರಿಯಲ್ಲೇ ಉಳಿದವು. 2020–21ರ ಬಳ್ಳಾರಿಯೂ ನಂತರದ ಬಳ್ಳಾರಿಯೂ ಒಂದೇ ಅಲ್ಲ. ಜಿಎಸ್‌ಟಿ ನೋಂದಣಿಯಲ್ಲಿ ಹಳೆಯ ವಿಳಾಸವನ್ನೇ ಉಳಿಸಿಕೊಂಡ ಹೊಸಪೇಟೆಯ ಘಟಕಗಳ ಸರಕು ಈಗಲೂ ಬಳ್ಳಾರಿಗೆ ಸೇರಬಹುದು. ಎರಡೂ ಜಿಲ್ಲೆ ಕೂಡಿಸಿ ನೋಡುವುದೇ ಸುರಕ್ಷಿತ.

ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ನಮ್ಮ ವಿನಂತಿ ಇಷ್ಟು: ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ 5201, 5209, 6203, 6204, 2601, 7201, 7203 ಮತ್ತು 7208ರಿಂದ 7210ರವರೆಗಿನ ಕೋಡುಗಳ ಜಿಲ್ಲಾವಾರು ರಫ್ತನ್ನು ಮೂರು ತಿಂಗಳಿಗೊಮ್ಮೆ, ಪ್ರಮಾಣ ಮತ್ತು ಮೌಲ್ಯ ಎರಡರಲ್ಲೂ, ಸೂಚನಾ ಫಲಕದಲ್ಲಿ ಹಾಕಲಿ. ಪಕ್ಕದಲ್ಲಿ ಇಲ್ಲಿಂದ ವ್ಯಾಪಾರಿ ರಫ್ತುದಾರರಿಗೆ ಶೇ 0.1 ದರದಲ್ಲಿ ಮಾರಾಟವಾದ ಮೊತ್ತವನ್ನು ವಾಣಿಜ್ಯ ತೆರಿಗೆ ಇಲಾಖೆಯಿಂದ ಪಡೆದು ಬರೆಯಲಿ. ಎರಡರ ನಡುವೆ ದೊಡ್ಡ ಅಂತರ ಕಂಡ ಕೋಡಿನ ಬಿಲ್ಲುಗಳಿಂದಲೇ ಪರಿಶೀಲನೆ ಶುರುವಾಗಲಿ. ತಮ್ಮ ಪತ್ರಿಕೆಯೂ ವಿದೇಶ ವ್ಯಾಪಾರದ ವರದಿಯ ಕೊನೆಗೆ ಕೋಡ್, ಘಟಕ, ಅವಧಿ ಹಾಗೂ 'ತಾತ್ಕಾಲಿಕ' ಅಥವಾ 'ಪರಿಷ್ಕೃತ' ಎಂಬುದನ್ನು ಒಂದು ಸಾಲಿನಲ್ಲಿ ಮುದ್ರಿಸಬೇಕೆಂದು ಕೋರುತ್ತೇವೆ.

ಇಂತಿ,
ರಫ್ತು ದಾಖಲೆಪತ್ರ ಮತ್ತು ಜಿಎಸ್‌ಟಿ ಲೆಕ್ಕದ ಕೆಲಸದಲ್ಲಿರುವ ಕೆಲವು ಓದುಗರು,
ಬಳ್ಳಾರಿ